ಒಂದು ಬೆರಳು ಮುಂದಿದ್ದ ಪೆಡಲು

ನಮ್ಮ ಮನೆಯಲ್ಲಿ ಕೆಂಪು ಚೀಟಿ ಕಟ್ಟಿಸಿಕೊಳ್ಳದೆ ಉಳಿದ ಸಾಮಾನು ಕಡಿಮೆ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರಾಗಿದ್ದರು. ಪೊಲೀಸಿನವರಲ್ಲ, ಬೇರೆಯವರು ಲೇಥಿನಲ್ಲಿ ಕಡೆದ ಬಿಡಿಭಾಗಗಳನ್ನು ಅಳೆದು ನೋಡಿ, ಡ್ರಾಯಿಂಗಿನಲ್ಲಿ ಬರೆದದ್ದಕ್ಕಿಂತ ಕೂದಲೆಳೆ ಹೆಚ್ಚುಕಡಿಮೆಯಿದ್ದರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವ ಇನ್‌ಸ್ಪೆಕ್ಟರು. ಆ ಕೆಲಸ ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದಾಗ ಮುಗಿಯುತ್ತಿರಲಿಲ್ಲ. ಕಾರ್ಖಾನೆಯ ಒಂದು ಗುಂಡುಸೂಜಿಯನ್ನೂ ಮನೆಗೆ ತರುವವರಲ್ಲವಾದ್ದರಿಂದ, ಬಂದ ಲಗ್ನಪತ್ರಿಕೆಗಳ ಕೆಂಪು ರಟ್ಟನ್ನು ಕತ್ತರಿಸಿ, ತೂತು ಹೊಡೆದು, ದಾರ ಪೋಣಿಸಿ ಮನೆಯ ಬಳಕೆಗೆ ತಾವೇ ಚೀಟಿ ಮಾಡಿಟ್ಟುಕೊಂಡಿದ್ದರು. ಕುಂಟುವ ಸ್ಟೂಲಿಗೆ ಒಂದು, ಮುಚ್ಚಳ ಕೂರದ ಸಕ್ಕರೆ ಡಬ್ಬಿಗೆ ಒಂದು, ಚಿಲಕ ಸಿಗದ ಬಚ್ಚಲ ಬಾಗಿಲಿಗೆ ಒಂದು. ಸರಿಯಾಗುವವರೆಗೆ ಆ ವಸ್ತುವನ್ನು ಬಳಸಬಾರದು ಎಂಬುದು ಅವರ ನಿಯಮ. ಬಳಸದೆ ಸಂಸಾರ ನಡೆಯುವುದಿಲ್ಲ ಎಂಬುದು ಅಮ್ಮನ ನಿಯಮ. ಹೀಗಾಗಿ ನಾವು ಬಚ್ಚಲಿಗೆ ಹೋದಾಗಲೆಲ್ಲ ಬಾಗಿಲಲ್ಲಿ ಯಾರದೋ ಮದುವೆಯ ಗಣಪತಿ ತೂಗಾಡುತ್ತಿದ್ದ.

ರಾಜಗೋಪಾಲನಗರದ ಆ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಶೀಟು ಹೊದಿಸಿದ ಒಂದು ಉದ್ದನೆಯ ಜಗಲಿ. ಎದುರುಗಡೆ ಲೇಥಿನ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದು ಎಷ್ಟು ಅಭ್ಯಾಸವಾಗಿತ್ತೆಂದರೆ, ಕರೆಂಟು ಹೋಗಿ ಶೆಡ್ಡು ಸುಮ್ಮನಾದರೆ ಮಲಗಿದ್ದ ಅಜ್ಜಿ ಎದ್ದು ಕೂತು ಏನಾಯಿತೆಂದು ಕೇಳುತ್ತಿದ್ದಳು. ಅಜ್ಜಿ ಅಪ್ಪನ ತಾಯಿ. ಸಕ್ಕರೆ ಕಾಯಿಲೆ ಅವಳ ಕಣ್ಣುಗಳನ್ನು ಮುಕ್ಕಾಲು ತಿಂದುಹಾಕಿತ್ತು. ಮಧ್ಯಾಹ್ನ ಒಂದು ಗಂಟೆಗೆ ಅವಳ ಮುಂದೆ ಬಿಸಿ ಮುದ್ದೆ ಇರಬೇಕು. ತಡವಾದರೆ ಕೈ ನಡುಗಿ, ಬೆವರಿ, ತಲೆ ಸುತ್ತಿ ಬೀಳುತ್ತಿದ್ದಳು. ಮನೆಯ ಗಡಿಯಾರ ನಡೆಯುತ್ತಿದ್ದುದೇ ಆ ಮುದ್ದೆಗಾಗಿ.

ಅಪ್ಪನ ಬಳಿ ಒಂದು ಡ್ರಾಯಿಂಗ್ ಪುಸ್ತಕವಿತ್ತು. ಗೆರೆಯಿಲ್ಲದ ಉದ್ದನೆಯ ಪುಸ್ತಕ. ಮನೆಯ ಪ್ರತಿಯೊಂದು ಮುಖ್ಯ ವಸ್ತುವಿಗೂ ಅದರಲ್ಲೊಂದು ಪುಟ: ಗೂಡಿನ ಎತ್ತರ, ಅಜ್ಜಿಯ ಮಂಚದ ಕಾಲು, ನನ್ನ ಓದುವ ಮೇಜು. ಪುಟದ ಕೆಳಗೆ ಕಾರ್ಖಾನೆಯ ರೀತಿಯಲ್ಲೇ ಮೂರು ಮನೆಗಳು. ಬರೆದವರು, ಪರೀಕ್ಷಿಸಿದವರು, ಒಪ್ಪಿದವರು. ಮೂರರಲ್ಲೂ ಅಪ್ಪನದೇ ಸಹಿ. ಆ ಪುಸ್ತಕದಲ್ಲಿ ರಬ್ಬರಿನಿಂದ ಅಳಿಸುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ತಿದ್ದಿದವರು ಸಹಿ ಹಾಕಬೇಕು. ಆದರೆ ನಾನು ನೋಡಿದ ಮಟ್ಟಿಗೆ ಅದರಲ್ಲಿ ತಿದ್ದಿದ ಪುಟವೇ ಇರಲಿಲ್ಲ. ಅವರು ನನಗೆ ಲೆಕ್ಕ ಹೇಳಿಕೊಡುವಾಗ, ಊಟಕ್ಕೆ ಕೂತಾಗ, ಯಾವಾಗ ಬೇಕಾದರೂ ಹೇಳುತ್ತಿದ್ದ ಒಂದು ಮಾತಿತ್ತು.

"ವಸ್ತು ತಪ್ಪಾಗ್ಬಹುದು ಪುಟ್ಟಿ, ಡ್ರಾಯಿಂಗ್ ತಪ್ಪಾಗಲ್ಲ."

ನನಗಾಗ ಹತ್ತು ವರ್ಷ. ಅಪ್ಪನ ಮಾತು ನನಗೆ ಸರಿಯೆಂದೇ ಕಾಣುತ್ತಿತ್ತು. ಚಪ್ಪಲಿಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಡುವುದು, ಲೋಟಗಳ ಕಿವಿ ಒಂದೇ ಕಡೆಗಿರುವಂತೆ ಜೋಡಿಸುವುದು ನನ್ನ ಕೆಲಸವಾಗಿತ್ತು, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. ಅಮ್ಮ ಮಾತ್ರ ಅದನ್ನೆಲ್ಲ ಗಂಡಸಿನ ತೆವಲು ಎನ್ನುವಂತೆ ನೋಡುತ್ತಿದ್ದಳು. ಅವಳು ಪಕ್ಕದ ಹೆಗ್ಗನಹಳ್ಳಿಯವಳು. ಅವಳ ತೌರಿನ ಹೊಲಗಳಲ್ಲಿ ಆಗಲೇ ಶೆಡ್ಡುಗಳೆದ್ದು, ಅವಳ ಅಣ್ಣ ಬಾಡಿಗೆ ಎತ್ತುತ್ತಿದ್ದ. ಚಿಕ್ಕವಳಿದ್ದಾಗ ಹಾಲಿನ ಕ್ಯಾನು ಕಟ್ಟಿದ ತನ್ನ ಅಪ್ಪನ ಸೈಕಲನ್ನು ಕತ್ತರಿ ಕಾಲು ಹಾಕಿ ತುಳಿದವಳು ಅವಳು. ಅಳತೆ ಎಂದರೆ ಅವಳ ಪಾಲಿಗೆ ಬೊಗಸೆ, ಗೇಣು, ಬೆರಳು.

ಒಂದು ದಿನ ಊಟದ ನಡುವೆ ಅವಳು ಹೇಳಿದಳು.

"ಎರಡ್ನೇ ಸ್ಟೇಜಿನ ಫ್ಯಾಕ್ಟ್ರೀಲಿ ಮೋಟ್ರಿಗೆ ಕಾಯಿಲ್ ಸುತ್ತೋ ಕೆಲ್ಸ ಐತಂತೆ. ಎಲ್ಲಾ ಎಂಗಸ್ರೇ ಇರೋದು. ಸೇರ್ಕಳಣ ಅಂತಿದೀನಿ."

ಅಪ್ಪ ಬಾಯಲ್ಲಿದ್ದುದನ್ನು ಅಗಿದು ನುಂಗಿದ ಮೇಲೆ ಮಾತಾಡಿದರು.

"ಮಧ್ಯಾಹ್ನ ಅವ್ವನ ಊಟ?"

"ಊಟಕ್ಕೆ ಮುಕ್ಕಾಲು ಗಂಟೆ ಬಿಡ್ತಾರೆ. ಬಂದು ಇಕ್ಕಿ ಹೋಗ್ತೀನಿ."

"ನಡ್ಕೊಂಡು ಬಂದು ಹೋಗೋಕೇ ಒಂದೂಕಾಲು ಗಂಟೆ ಬೇಕು."

"ಸೈಕಲ್ ಇದ್ರೆ ಅರ್ಧ ಗಂಟೆ ಸಾಕು."

"ಸೈಕಲ್ ಇದ್ರೆ ಹೋಗು," ಎಂದರು ಅಪ್ಪ. ಮನೆಯಲ್ಲಿ ಸೈಕಲ್ ಇರಲಿಲ್ಲ.

ಅವರು ಬೇಡವೆಂದು ಒಮ್ಮೆಯೂ ಹೇಳಲಿಲ್ಲ. ಇದನ್ನು ಅವರ ಪರವಾಗಿ ಬರೆದಿಡಬೇಕು. ಮುಂದಿನ ಭಾನುವಾರವೇ ಅಮ್ಮನ ಅಣ್ಣ ಮೊಪೆಡ್ಡಿನ ಮೇಲೆ ಒಂದು ಲೇಡೀಸ್ ಸೈಕಲನ್ನು ಅಡ್ಡಡ್ಡ ಕಟ್ಟಿಕೊಂಡು ಬಂದ. ಅವನ ಹೆಂಡತಿಯದು. ಚಕ್ರ, ಹ್ಯಾಂಡಲ್, ಸೀಟು ಎಲ್ಲ ಸರಿಯಿತ್ತು. ಪೆಡಲ್ ತುಳಿಯುವ ಭಾಗ ಮಾತ್ರ ಮುರಿದು ಬಿಚ್ಚಿಹೋಗಿ, ಚೌಕಟ್ಟಿನ ತಳದಲ್ಲಿ ಬರಿಯ ಒಂದು ಅಡ್ಡ ಕೊಳವೆ ಬಾಯಿ ತೆರೆದಿತ್ತು. ಅಪ್ಪ ಅಟ್ಟ ಹತ್ತಿ, ಗುಜರಿಗೆ ಹೋದ ತಮ್ಮ ಹಳೆಯ ಸೈಕಲ್ಲಿನಿಂದ ಉಳಿಸಿಟ್ಟಿದ್ದ, ಪೆಡಲು ಕೂರುವ ಕ್ರ್ಯಾಂಕುಗಳನ್ನೂ ಚೈನು ಸುತ್ತುವ ಚೈನ್‌ವೀಲನ್ನೂ ಕೆಳಗಿಳಿಸಿದರು. ಒಳ್ಳೆಯ ಹಳೇ ಉಕ್ಕು, ಹೊಸದು ತರುವ ಅಗತ್ಯವಿಲ್ಲ ಎಂದರು. ತೌರಿನ ಸೈಕಲ್ಲಿಗೆ ಗಂಡನ ಮನೆಯ ಕಾಲು ಎಂದು ಅಜ್ಜಿ ಮಂಚದ ಮೇಲಿಂದಲೇ ತಮಾಷೆ ಮಾಡಿದಳು. ಈ ಎರಡನ್ನೂ ಕೂಡಿಸಲು ಬೇಕಾಗಿದ್ದುದು ಆ ಕೊಳವೆಯೊಳಗೆ ಕೂರುವ ಬಾಟಂ ಬ್ರಾಕೆಟ್ಟು. ಅಂಗಡಿಯವರು ಅದನ್ನು ಬೀಬಿ ಎನ್ನುತ್ತಾರೆ. ಈಗ ಅದು ಮುಚ್ಚಿದ ಡಬ್ಬಿಯಂತೆ ಒಂದೇ ತುಂಡಾಗಿ ಬರುತ್ತದೆ. ಆಗ ಬಿಡಿಬಿಡಿ: ನಡುವೆ ಒಂದು ಆಕ್ಸಲ್ಲು, ಎರಡು ಬದಿಗೆ ಎರಡು ಕಪ್ಪು, ಕಪ್ಪುಗಳೊಳಗೆ ಗ್ರೀಸಿನಲ್ಲಿ ಕೂರುವ ಉಕ್ಕಿನ ಗುಂಡುಗಳು. ಆಕ್ಸಲ್ಲಿನ ಎರಡು ತುದಿಗೆ ಕ್ರ್ಯಾಂಕುಗಳು ಬಂದು, ಒಂದೊಂದನ್ನೂ ಒಂದೊಂದು ಕಾಟರ್ ಪಿನ್ನು ಬೆಣೆಯಂತೆ ಬಿಗಿಹಿಡಿಯುತ್ತದೆ.

ಸೈಕಲ್ ಅಂಗಡಿಯವನಿಗೆ ಇದು ಒಂದು ಗಂಟೆಯ ಕೆಲಸ. ಅಪ್ಪನಿಗೆ ಏಳು ಭಾನುವಾರ ಹಿಡಿಯಿತು. ಮೊದಲು ಪುಸ್ತಕದಲ್ಲಿ ಒಂದು ಪುಟ ತೆರೆದು ಡ್ರಾಯಿಂಗ್ ಬರೆದರು: ಕೊಳವೆಯ ಅಗಲ, ಆಕ್ಸಲ್ಲಿನ ಉದ್ದ, ಎರಡು ಕ್ರ್ಯಾಂಕು ಒಂದು ಮೇಲಕ್ಕೆ ಒಂದು ಕೆಳಕ್ಕೆ ಒಂದೇ ನೇರ ಗೆರೆಯಲ್ಲಿ. ಮೂರು ಸಹಿ ಹಾಕಿದರು. ಆಮೇಲೆ ಆಕ್ಸಲ್ ತರಲು ಹೊರಟರು. ಮೊದಲನೆಯದು ಗಿಡ್ಡವಾಯಿತು, ಚೈನ್‌ವೀಲು ಹಿಂದಿನ ಕಂಬಿಗೆ ಉಜ್ಜಿತು. ಎರಡನೆಯದು ಉದ್ದವಾಯಿತು, ಚೈನು ಹಿಂದಿನ ಚಕ್ರಕ್ಕೆ ಓರೆಯಾಗಿ ಎಳೆಯಿತು. ಮೂರನೆಯದರ ಉದ್ದ ಸರಿಯಾಗಿದ್ದರೂ ತುದಿ ಸಣ್ಣದಿದ್ದು ಕ್ರ್ಯಾಂಕು ಲೊಡಲೊಡ ಎಂದಿತು. ವರ್ನಿಯರ್ ಹಿಡಿದು ಅಳೆದು, ಮೂರಕ್ಕೂ ಕೆಂಪು ಚೀಟಿ ಕಟ್ಟಿದರು. ಪ್ರತಿ ಭಾನುವಾರವೂ ನಾನು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಗ್ರೀಸಿನ ಡಬ್ಬಿ ಹಿಡಿದಿರುತ್ತಿದ್ದೆ. ಬಲಗಡೆಯ ಕಪ್ಪಿನ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಆಕ್ಸಲ್ಲಿನ ಉದ್ದದ ತುದಿ ಚೈನಿನ ಕಡೆಗೆ. ಒಂದೊಂದು ಕಪ್ಪಿಗೆ ಹನ್ನೊಂದು ಗುಂಡು. ಎಡಗಡೆಯ ಕಪ್ಪನ್ನು ಆಡುವಷ್ಟು ಸಡಿಲ ಬಿಡಬಾರದು, ತಿರುಗದಷ್ಟು ಬಿಗಿಯಬಾರದು. ಎಲ್ಲವನ್ನೂ ಅವರು ಪಾಠದಂತೆ ಹೇಳುತ್ತಿದ್ದರು. ಕಾಟರ್ ಪಿನ್ನಿನ ಪಾಠ ಮಾತ್ರ ಬರಲೇ ಇಲ್ಲ, ಏಕೆಂದರೆ ಯಾವ ಆಕ್ಸಲ್ಲೂ ಅಲ್ಲಿಯವರೆಗೆ ಪಾಸಾಗಲಿಲ್ಲ.

ಅಮ್ಮ ಪ್ರತಿ ಸಲವೂ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ಒಂದು ಭಾನುವಾರ ಸೊಪ್ಪು ಬಿಡಿಸುತ್ತ ಜಗಲಿಗೇ ಬಂದು ಕೂತಳು.

"ಮೂಲೆ ಅಂಗ್ಡೀಲಿ ಕೊಟ್ರೆ ಸಂಜೆಗೆ ಹಾಕ್ಕೊಡ್ತಾನೆ ಕಣ್ರೀ."

"ಸುತ್ಗೆ ತಗೊಂಡು ಬಡಿದು ಹಾಕ್ಕೊಡ್ತಾನೆ. ಲಾರಿ ಓಡಾಡೋ ರಸ್ತೇಲಿ ಪೆಡಲ್ ಕಳಚ್ಕೊಂಡ್ರೆ?"

"ಸೂಪರ್‌ವೈಸರಮ್ಮ ದಸರಾ ತನ್ಕ ಕಾಯ್ತೀನಿ ಅಂದವ್ಳೆ. ಆಮೇಲೆ ಬೇರೆಯವ್ರ್ನ ತಗೋತಾಳಂತೆ."

"ಆಗುತ್ತೆ ಬಿಡು. ಸರಿಯಾಗಿ ಆಗ್ಬೇಕಷ್ಟೆ."

ಅಪ್ಪನ ಆ ಏಳು ವಾರಗಳ ಬಗ್ಗೆ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅವರಲ್ಲಿ ಅರ್ಧ ಭಾಗ ನಿಜವಾಗಿಯೂ ತಪ್ಪು ಆಕ್ಸಲ್ಲನ್ನು ಪಾಸು ಮಾಡಲಾರದ ಮನುಷ್ಯ. ಇನ್ನರ್ಧ ಭಾಗಕ್ಕೆ ಹೆದರಿಕೆಯಿತ್ತು. ತಾಯಿಯ ಬಗ್ಗೆ, ಲಾರಿಗಳ ಬಗ್ಗೆ, ಕಾರ್ಖಾನೆಯ ಬಸ್ಸಿನಲ್ಲಿ ಜೊತೆಗೆ ಕೂರುವವರು ಏನೆಂದಾರು ಎಂಬುದರ ಬಗ್ಗೆ. ಆ ಹೆದರಿಕೆಗೆ ಒಂದು ಅಳತೆ ಸಿಕ್ಕಿದ್ದು ಅವರಿಗೆ ಅನುಕೂಲವಾಯಿತು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಆಕ್ಸಲ್ಲುಗಳು ನಿಜವಾಗಿಯೂ ಹೊಂದುತ್ತಿರಲಿಲ್ಲ.

ಏಳನೆಯ ಭಾನುವಾರ, ಹಬ್ಬಕ್ಕೆ ನಾಲ್ಕು ದಿನವಿರುವಾಗ, ಯಾವುದೋ ಗುಜರಿಯಿಂದ ನಾಲ್ಕನೆಯ ಆಕ್ಸಲ್ಲು ತಂದರು. ಅಳೆದರು. ತಿರುಗಿಸಿ ಇನ್ನೊಮ್ಮೆ ಅಳೆದರು. ಪಾಸ್ ಎಂದರು. ಅಮ್ಮ ಅಡುಗೆಮನೆಯಿಂದ ಬಂದು ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹೊಸ ಸೀರೆ ತಂದಾಗಲೂ ಕಂಡಿರಲಿಲ್ಲ. ಆದರೆ ಆ ದಿನ ಹೊತ್ತು ಮೀರಿತ್ತು, ಮುಂದಿನ ಮೂರು ಸಂಜೆ ಅವರಿಗೆ ಓವರ್‌ಟೈಮಿತ್ತು. ಗುರುವಾರ ಆಯುಧಪೂಜೆ. ಅಪ್ಪ ತಮ್ಮ ವರ್ನಿಯರು, ಸ್ಪ್ಯಾನರುಗಳು, ಸುತ್ತಿಗೆ, ಅರ, ಅವುಗಳ ಜೊತೆ ಆ ಆಕ್ಸಲ್ಲು, ಕಪ್ಪು, ಗುಂಡು, ಪಿನ್ನು, ಕ್ರ್ಯಾಂಕುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಜೋಡಿಸಿದರು. ಕುಂಕುಮ, ಹೂವು, ಕುಂಬಳಕಾಯಿ ಎಲ್ಲ ಆಯಿತು. ಮಂಗಳಾರತಿ ತೆಗೆದುಕೊಳ್ಳುತ್ತಲೇ ಅಮ್ಮ ಕೇಳಿದಳು.

"ನಾಳೆ ಹಾಕ್ಬಿಡ್ತೀರಾ? ಶನಿವಾರ ಬೆಳಿಗ್ಗೆ ಬಾ ಅಂದವ್ಳೆ."

"ಪೂಜೆಗಿಟ್ಟಿದ್ದನ್ನ ಹಂಗೆಲ್ಲ ತೆಗೆಯೋಕಾಗಲ್ಲ. ನಮ್ಮ ಫ್ಯಾಕ್ಟರಿ ತೆಗೆಯೋದು ಸೋಮವಾರ. ಅಲ್ಲೀವರೆಗೂ ಮೆಷಿನ್ ಮುಟ್ಟಲ್ಲ. ಇಲ್ಲೂ ಅಷ್ಟೆ. ಸೋಮವಾರ ಸಂಜೆ ಹಾಕ್ತೀನಿ. ಎರಡು ದಿನ ಲೇಟಾಗಿ ಸೇರ್ಕೋ."

ಅಮ್ಮ ಆರತಿಯ ತಟ್ಟೆಯನ್ನು ಕೆಳಗಿಟ್ಟಳು. ಜಗಳ ಮಾಡಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅವರ ಮೇಲೆ ನನಗೆ ಬಂದ ಮೊದಲ ಸಿಟ್ಟು ಅದು, ಅದಕ್ಕೇ ನೆನಪಿದೆ.

ಮರುದಿನ ವಿಜಯದಶಮಿ. ಒಬ್ಬಟ್ಟಿನ ಊಟ ಮುಗಿಸಿ ಅಪ್ಪ ಯಶವಂತಪುರದಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೊರಟರು. ಅವರು ಬೀದಿಯ ತಿರುವು ದಾಟಿದ ಮೇಲೆ ಅಮ್ಮ ಕೈಕಾಲು ತೊಳೆದು, ತಲೆ ಕಟ್ಟಿಕೊಂಡು, ದೇವರ ಮುಂದೆ ಇನ್ನೊಮ್ಮೆ ದೀಪ ಹಚ್ಚಿದಳು. ಕರ್ಪೂರ ಬೆಳಗಿದಳು. ಬೆಲ್ಲದ ತುಂಡು ನೈವೇದ್ಯ ಮಾಡಿದಳು. ಆಮೇಲೆ ಕೈಮುಗಿದು, ಅಕ್ಷತೆ ಹಾಕಿ, ಮಣೆಯ ಮೇಲಿದ್ದ ಪ್ರತಿಯೊಂದು ವಸ್ತುವನ್ನೂ ಉತ್ತರದ ಕಡೆಗೆ ಒಂದಿಷ್ಟು ಸರಿಸಿದಳು. ಪೂಜೆ ಕದಲಿಸುವುದೆಂದರೆ ಅಷ್ಟೇ. ಸರಿಸಿದ ಮೇಲೆ ಆಯುಧ ಮತ್ತೆ ಆಯುಧ, ಕೈಗೆ ತೆಗೆದುಕೊಳ್ಳಬಹುದು. ಆದರೂ ಅವಳು ಸುಮ್ಮನೆ ಎತ್ತಿಕೊಳ್ಳಲಿಲ್ಲ. ಮಂಚದ ಬಳಿಗೆ ಹೋಗಿ ಅಜ್ಜಿಯನ್ನು ಕೇಳಿದಳು.

"ಅತ್ತೆ, ದಶಮಿ ಇವತ್ತು. ಕದಲಿಸಿದೀನಿ. ತಪ್ಪಾಯ್ತಾ?"

"ದಸಮಿ ದಿನ ಕದ್ಲುಸ್ದೆ ಇನ್ಯಾವತ್ತು ಕದ್ಲುಸ್ತಾರೆ?" ಎಂದಳು ಅಜ್ಜಿ. "ನಂಗೆ ಕಣ್ಣು ಕಾಣಕಿಲ್ಲ ಅಷ್ಟೆ ಜಯಮ್ಮ, ಪಂಚಾಂಗ ಮರ್ತಿಲ್ಲ. ಏನೇನ್ ಐತೆ ಇಲ್ಲಿ ತಾ."

ಹೀಗೆ ನಾವು ಮೂವರು ಜಗಲಿಯಲ್ಲಿ ಕೂತು ಬೀಬಿ ಹಾಕಿದೆವು. ಪಾಠ ಕೇಳಿದ್ದವಳು ನಾನೊಬ್ಬಳೇ ಆದ್ದರಿಂದ ನಾನು ಹೇಳಿದಂತೆ ಅಮ್ಮ ಮಾಡುತ್ತಿದ್ದಳು. ಬಲಗಡೆಯ ಕಪ್ಪು ಎಡಕ್ಕೆ ತಿರುಗಿಸು ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ತಿರುಗಿಸಿ ನೋಡಿದಳು, ಬಿಗಿಯಾಯಿತು. ನನ್ನ ಮುಖವನ್ನೊಮ್ಮೆ ಹೊಸಬಳನ್ನು ನೋಡುವಂತೆ ನೋಡಿದಳು. ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿದ್ದು ಅಜ್ಜಿ. ಕಪ್ಪನ್ನು ಮಡಿಲಲ್ಲಿಟ್ಟುಕೊಂಡು, ಬೆರಳ ತುದಿಯಿಂದ ಒಂದೊಂದನ್ನೇ ತಡವಿ ಒತ್ತುತ್ತ, ಹನ್ನೊಂದರವರೆಗೆ ಎಣಿಸುತ್ತ, ಅವಳು ಎಷ್ಟೋ ದಿನಗಳ ಮೇಲೆ ಒಂದು ಕೆಲಸ ಮಾಡಿದಳು. ಆಕ್ಸಲ್ಲಿನ ಉದ್ದದ ತುದಿ ಚೈನಿನ ಕಡೆಗೆ ಹೋಯಿತು. ಎಡಗಡೆಯ ಕಪ್ಪನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ಕೊನೆಗೆ ಆಕ್ಸಲ್ಲು ಕೈಯಲ್ಲಿ ಆಡದೆ ನುಣ್ಣಗೆ ತಿರುಗತೊಡಗಿತು. ಉಳಿದದ್ದು ಕಾಟರ್ ಪಿನ್ನು. ಅದರ ಪಾಠ ನನಗೆ ಆಗಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಕ್ರ್ಯಾಂಕು ಮೇಲಕ್ಕೆ, ಒಂದು ಕೆಳಕ್ಕೆ ನಿಲ್ಲಿಸಿ, ನಮ್ಮ ಮನೆಯ ಶಿಸ್ತಿನ ಪ್ರಕಾರ ಎರಡು ಪಿನ್ನಿನ ನಟ್ಟೂ ಒಂದೇ ಕಡೆಗೆ, ಮುಂದಕ್ಕೆ ಮುಖಮಾಡುವಂತೆ ಸೇರಿಸಿದೆ. ಅಮ್ಮ ಕೆಳಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಹೊಡೆದಳು.

ಆ ಎರಡು ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಇರಬೇಕು. ಆಗ ಮಾತ್ರ ಎರಡು ಕ್ರ್ಯಾಂಕು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಲೋಟಗಳ ಕಿವಿಯಂತೆ ಒಂದೇ ಕಡೆಗೆ ತಿರುಗಿಸಿದರೆ ಒಂದು ಕಾಲು ಮುಂದೆ ಬೀಳುತ್ತದೆ. ಸೈಕಲ್ ಅಂಗಡಿಯವನು ನಿದ್ದೆಯಲ್ಲೂ ಮಾಡದ ತಪ್ಪು ಅದು.

ಸಂಜೆ ಅಪ್ಪ ಬಂದರು. ಮಣೆ ಖಾಲಿ. ಜಗಲಿಯಲ್ಲಿ ಸೈಕಲ್ ನಿಂತಿತ್ತು, ಹ್ಯಾಂಡಲ್ಲಿಗೆ ಪೂಜೆಯ ಹೂವು ಸುತ್ತಿಕೊಂಡು. ಅವರು ಚಪ್ಪಲಿ ಬಿಟ್ಟು ಅದರ ಪಕ್ಕ ಕೂತರು. ಕ್ರ್ಯಾಂಕು ಹಿಡಿದು ಅಲುಗಿಸಿದರು, ಆಡಲಿಲ್ಲ. ತಿರುಗಿಸಿ ಬಿಟ್ಟರು, ಸದ್ದಿಲ್ಲದೆ ತಿರುಗಿತು. ಚೈನಿನ ಸಾಲಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ಎರಡು ಪೆಡಲುಗಳ ಮೇಲೆ ಅವರ ಕಣ್ಣು ನಿಂತಿತು. ಸ್ಕೇಲು ತರಿಸಿ ಹಿಡಿದರು.

"ಬಲಗಡೆದು ಮುಂದಿದೆ. ಔಟ್. ಬಿಚ್ಬೇಕು."

"ಎಷ್ಟು ಮುಂದೈತೆ?" ಎಂದಳು ಅಮ್ಮ.

"ಹದಿನೆಂಟು ಮಿಲಿಮೀಟರ್."

ಅಮ್ಮ ಬಗ್ಗಿ ಅಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು.

"ಒಂದು ಬೆರಳು. ನನ್ನ ಕಾಲು ಸುಧಾರಿಸ್ಕತದೆ ಬಿಡಿ."

"ಇದು ರಿಜೆಕ್ಟ್ ಕಣೇ. ಪೂಜೆ ಕದಲಿಸಿದ್ದು ಯಾರನ್ನ ಕೇಳಿ?"

"ನನ್ನ ಕೇಳಿ ಕಣ್ಲಾ," ಎಂದಳು ಒಳಗಿನಿಂದ ಅಜ್ಜಿ. "ನಾನೂ ಕೈ ಆಕಿದೀನಿ. ನಂಗೂ ಒಂದು ಚೀಟಿ ಕಟ್ಟು."

ಅಪ್ಪ ಅಜ್ಜಿಗೆ ಕಟ್ಟಲಿಲ್ಲ, ಸೈಕಲ್ಲಿನ ಸೀಟಿನ ಕೆಳಗೆ ಕೆಂಪು ಚೀಟಿ ಕಟ್ಟಿದರು. ಬಿಚ್ಚಲಿಲ್ಲ ಎನ್ನುವುದನ್ನು ಮಾತ್ರ ನಾನು ಗಮನಿಸಿದೆ. ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಮ್ಮ ಆ ಚೀಟಿಯ ಸಮೇತ ಕೆಲಸಕ್ಕೆ ಹೋದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲ ಕೆಲವು ಮಾರು ಸ್ವಲ್ಪ ಕುಂಟುತ್ತ ತುಳಿದು, ತಿರುವಿನ ಹೊತ್ತಿಗೆ ಹದಕ್ಕೆ ಬಂದಳು. ಒಂದಕ್ಕೆ ಹತ್ತು ನಿಮಿಷವಿರುವಾಗ ಬಂದು ಮುದ್ದೆ ಕಟ್ಟಿದಳು. ಚೀಟಿಯ ಹಿಂದೆ ಶುಭವಿವಾಹ ಎಂದು ಬರೆದಿದ್ದನ್ನು ಓದಿ ಅಲ್ಲಿಯ ಹೆಂಗಸರು ದಿನವಿಡೀ ನಕ್ಕರಂತೆ. ಅವಳಿಗೇನೂ ಬೇಸರವಿರಲಿಲ್ಲ. ಸ್ಟ್ಯಾಂಡಿನಲ್ಲಿ ತನ್ನ ಸೈಕಲ್ ಗುರುತಿಸುವುದು ಸುಲಭ ಎಂದಳು.

ಅಲ್ಲಿಂದ ಮುಂದಿನ ಒಂದು ವರ್ಷ ನಮ್ಮ ಮನೆಯ ರೀತಿ ಬದಲಾಯಿತು. ಬೆಳಗಿನ ಸಾರು ರಾತ್ರಿಯೇ ಆಗುತ್ತಿತ್ತು. ಅಜ್ಜಿ ತಡವುತ್ತಲೇ ಹುರುಳಿಕಾಯಿ ಮುರಿಯಲು ಕಲಿತಳು. ಅಮ್ಮನ ಬೆರಳ ತುದಿಗಳು ತಾಮ್ರದ ತಂತಿ ಸುತ್ತಿ ಗಡುಸಾದವು. ತಲೆ ಬಾಚುವಾಗ ಅವು ನನ್ನ ಕಿವಿಗೆ ತಾಗುತ್ತಿದ್ದವು. ಅಪ್ಪ ಪ್ರತಿ ಭಾನುವಾರ ಸೈಕಲನ್ನು ಒರೆಸುವರು, ಚೈನಿಗೆ ಎಣ್ಣೆ ಬಿಡುವರು, ಪೆಡಲುಗಳ ಮುಂದೆ ಸ್ವಲ್ಪ ಹೊತ್ತು ಕೂತಿರುವರು. ಹಲ್ಲಿಗೆ ಸಿಕ್ಕ ನಾರಿನ ಹಾಗೆ ಆ ಒಂದು ಬೆರಳು ಅವರನ್ನು ಬಿಡಲಿಲ್ಲ. ಅಮ್ಮನನ್ನು ಬಾಗಿಲಿನಿಂದ ನೋಡಿದರೆ ಬಲಗಾಲು ಒಂದು ಕ್ಷಣ ಮೊದಲೇ ಕೆಳಗಿಳಿಯುವುದು ಕಾಣುತ್ತಿತ್ತು. ಬೀದಿಯವರು ದೂರದಿಂದಲೇ ಅವಳ ಗುರುತು ಹಿಡಿಯುತ್ತಿದ್ದರು.

ಮುಂದಿನ ಆಯುಧಪೂಜೆಗೆ ಸೈಕಲನ್ನೂ ಪೂಜೆಗೆ ನಿಲ್ಲಿಸಬೇಕಿತ್ತು. ಹಿಂದಿನ ದಿನ ಅಪ್ಪ ಅದನ್ನು ತೊಳೆದರು. ತೊಳೆಯುವಾಗ ಬಲಗಡೆಯ ಪಿನ್ನನ್ನು ಬಿಚ್ಚಿ, ಹೊಸ ಪಿನ್ನು ತಂದು, ಅರದಿಂದ ಉಜ್ಜಿ, ತಿರುಗಿಸಿ ಹಾಕಿದರು. ಎರಡು ಕ್ರ್ಯಾಂಕೂ ಡ್ರಾಯಿಂಗಿನಲ್ಲಿದ್ದಂತೆ ನೇರ ನಿಂತವು. ನನ್ನನ್ನು ಕರೆದು ತೋರಿಸಿದರು, ಅಮ್ಮನಿಗೆ ಹೇಳಬೇಡ ಎಂದರು. ಅವಳಿಗೆ ಸಂತೋಷವಾಗಲಿ ಎಂದುಕೊಂಡಿದ್ದರೋ, ಹೇಳಿದರೆ ಬಿಡುವುದಿಲ್ಲವೆಂದು ಗೊತ್ತಿತ್ತೋ. ನಾನು ಹೇಳಲಿಲ್ಲ.

ಹಬ್ಬ ಕಳೆದ ಮರುದಿನ ಅಮ್ಮ ಎಂದಿನಂತೆ ಹೊರಟಳು. ನನಗೆ ದಸರಾ ರಜೆ. ಅಪ್ಪನದು ಆ ವಾರ ಎರಡನೇ ಪಾಳಿ, ಮನೆಯಲ್ಲೇ ಇದ್ದರು. ಐದು ನಿಮಿಷವೂ ಆಗಿರಲಿಲ್ಲ, ಅಮ್ಮ ಸೈಕಲ್ ತಳ್ಳಿಕೊಂಡು ವಾಪಸು ಬಂದಳು. ಮೊಣಕಾಲ ಹತ್ತಿರ ಸೀರೆ ಹರಿದಿತ್ತು. ಅಂಗೈಯಲ್ಲಿ ರಕ್ತ.

"ಯಾರು ಮುಟ್ಟಿದ್ದು ನನ್ನ ಸೈಕ್ಲು?"

ಅಪ್ಪ ಎದ್ದು ನಿಂತರು.

"ಸರಿ ಮಾಡ್ದೆ ಕಣೇ. ಪಿನ್ನು ಉಲ್ಟಾ ಇತ್ತಲ್ಲ."

"ಸರಿಯಾಗೇ ಇತ್ತು ಅದು. ಹತ್ತೋವಾಗ ಕಾಲಿಟ್ರೆ ಪೆಡ್ಲು ಇರೋ ಜಾಗ್ದಲ್ಲಿ ಇಲ್ಲ. ಲಾರಿ ಹಿಂದ್ಗಡೆ ಬಿದ್ದೆ. ಮುಂದ್ಗಡೆ ಬಿದ್ದಿದ್ರೆ ಇವತ್ತು ನಿಮ್ಮವ್ವಂಗೆ ನೀವೇ ಮುದ್ದೆ ಕಟ್ಬೇಕಿತ್ತು."

"ಡ್ರಾಯಿಂಗ್ ಪ್ರಕಾರ..."

"ನಿಮ್ಮ ಡ್ರಾಯಿಂಗು ಸೈಕಲ್ ತುಳಿಯಲ್ಲ ಕಣ್ರೀ. ತುಳಿಯೋಳು ನಾನು. ಒಂದು ವರ್ಷ ಆಯ್ತು, ಒಂದಿನಾನಾದ್ರೂ ಅತ್ತೆ ಊಟ ತಡ ಆಗೈತಾ? ಎಂಗಿತ್ತೋ ಅಂಗೇ ಮಾಡ್ಕೊಡಿ. ಎಂಟೂವರೆಗೆ ಬೆಲ್ ಹೊಡೀತಾರೆ."

ಅವಳ ದನಿ ಏರಿರಲಿಲ್ಲ. ಅಪ್ಪ ಅವಳ ಅಂಗೈಯನ್ನು ನೋಡಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿ ಜಗಲಿಯಲ್ಲಿ ಕೂತರು. ಹೊಡೆದು ತೆಗೆದ ಪಿನ್ನು ಚಪ್ಪಟೆಯಾಗಿ ಮತ್ತೆ ಬಳಸುವ ಹಾಗಿರಲಿಲ್ಲ. ಡಬ್ಬಿಯಿಂದ ಇನ್ನೊಂದು ಹೊಸ ಪಿನ್ನು ತೆಗೆದು, ನನ್ನ ಕಡೆಗೆ ನೋಡಿದರು.

"ನೀನು ಹೆಂಗೆ ಹಾಕಿದ್ದೆ ಹೇಳು ಪುಟ್ಟಿ."

"ಎರಡೂ ನಟ್ಟು ಮುಂದಕ್ಕೆ ಅಪ್ಪ," ಎಂದೆ. ಅದು ಯಾರ ತಪ್ಪೆಂದು ಅವರು ಆ ವರ್ಷವಿಡೀ ಒಮ್ಮೆಯೂ ಕೇಳಿರಲಿಲ್ಲ. ನನ್ನದೆಂದು ಅವರಿಗೆ ಗೊತ್ತಿತ್ತೆಂದು ಆಗ ತಿಳಿಯಿತು.

ಅವರು ಅರ ಹಿಡಿದು ಪಿನ್ನಿನ ಮುಖವನ್ನು ಉಜ್ಜಿದರು, ಇಟ್ಟು ನೋಡಿದರು, ತೆಗೆದು ಇನ್ನೆರಡು ಸಲ ಉಜ್ಜಿದರು. ಹೊಡೆದು ಕೂರಿಸಿದ ಮೇಲೆ ಸ್ಕೇಲು ಹಿಡಿದು ಅಳೆದರು. ಹದಿನೆಂಟು. ಜೀವಮಾನದಲ್ಲಿ ತಪ್ಪು ಪಿನ್ನೊಂದನ್ನು ಪಾಸು ಮಾಡದ ಮನುಷ್ಯ ತಮ್ಮ ಕೈಯಾರೆ, ಅಷ್ಟೇ ಜಾಗ್ರತೆಯಿಂದ, ಅದನ್ನು ಓರೆಯಾಗಿ ಕೂರಿಸಿದರು. ಸರಿ ಮಾಡಲು ಏಳು ವಾರ ಹಿಡಿದಿತ್ತು. ಇದಕ್ಕೆ ಹಿಡಿದದ್ದು ಹದಿನೈದು ನಿಮಿಷ. ಅಮ್ಮ ಅರಿಶಿನ ಮೆತ್ತಿದ ಕೈಯಿಂದ ಹ್ಯಾಂಡಲ್ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹೊಡೆದು, ನಿಲ್ಲದೆ, ಹಾಗೆಯೇ ಕೆಲಸಕ್ಕೆ ಹೋದಳು.

ಅಪ್ಪ ಅರ, ಸುತ್ತಿಗೆ ಒರೆಸಿಟ್ಟರು. ಆಮೇಲೆ ಒಳಗೆ ಹೋಗಿ ಡ್ರಾಯಿಂಗ್ ಪುಸ್ತಕ ತಂದು ಸೈಕಲ್ಲಿನ ಪುಟ ತೆರೆದರು. ಕ್ರ್ಯಾಂಕುಗಳ ನೇರ ಗೆರೆಯ ಮೇಲೆ ಅಡ್ಡ ಗೆರೆ ಎಳೆದರು. ಪಕ್ಕದಲ್ಲಿ ಹೊಸದಾಗಿ ಬರೆದರು, ಬಲಗಡೆಯದು ಹದಿನೆಂಟು ಮಿಲಿಮೀಟರ್ ಮುಂದೆ. ತಿದ್ದಿದ ಜಾಗಕ್ಕೆ ಸಹಿ ಹಾಕಿದರು. ಕೆಳಗೆ ಹೊಸ ಮೂರು ಮನೆ ಎಳೆದು ಮೊದಲ ಎರಡರಲ್ಲಿ ಸಹಿ ಹಾಕಿ, ಮೂರನೆಯದನ್ನು ಖಾಲಿ ಬಿಟ್ಟರು.

ನಾನೀಗ ಒಂದು ತರಬೇತಿ ಸಂಸ್ಥೆಯಲ್ಲಿ ಅಳತೆಯ ಪಾಠ ಹೇಳುತ್ತೇನೆ. ಜಗಳದಲ್ಲೂ ಸ್ಕೇಲು ಹುಡುಕುವವಳು ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ, ಅದು ನಿಜ. ಆದರೆ ಪ್ರತಿ ವರ್ಷದ ಮೊದಲ ತರಗತಿಗೆ ನಾನು ವರ್ನಿಯರ್ ಒಯ್ಯುವುದಿಲ್ಲ, ಆ ಪುಸ್ತಕ ಒಯ್ಯುತ್ತೇನೆ. ಆ ಪುಟವನ್ನು ತೋರಿಸಿ, ತಿದ್ದಿದ್ದು ಯಾಕಿರಬಹುದು ಎಂದು ಕೇಳುತ್ತೇನೆ. ಮಕ್ಕಳು ಆಕ್ಸಲ್ಲು, ಚೈನು ಎಂದು ಏನೇನೋ ಹೇಳುತ್ತಾರೆ. ಮೂರನೆಯ ಮನೆಯ ಸಹಿ ಯಾರದೆಂದು ಒಬ್ಬರೂ ಕೇಳಿಲ್ಲ.

ಅಪ್ಪ ಪುಟ ತಿದ್ದಿದ ಆ ದಿನ ಒಂದಕ್ಕೆ ಹತ್ತು ನಿಮಿಷವಿರುವಾಗ ಅಮ್ಮ ಬಂದಳು. ಮೊಣಕಾಲಿಗೆ ಯಾರೋ ಬಟ್ಟೆ ಕಟ್ಟಿದ್ದರು. ಮುದ್ದೆ ಕಟ್ಟಿ, ಅಜ್ಜಿಯ ತಟ್ಟೆಗಿಟ್ಟು, ಸಾರು ಬಡಿಸಿದಳು. ಅಪ್ಪ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದರು.

"ಜಯಾ, ಇಲ್ಲೊಂದು ಸಹಿ ಹಾಕು."

"ಏನದು?"

"ಸೈಕಲ್ದು. ಒಪ್ಪಿದವರು ಅಂತಿದೆಯಲ್ಲ, ಅಲ್ಲಿ."

ಅಮ್ಮ ಪುಟವನ್ನು ನೋಡಿದಳು, ಅವರನ್ನು ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದರೂ ರಾಗಿ ಪೂರ್ತಿ ಹೋಗಿರಲಿಲ್ಲ. ಜಯಮ್ಮ ಎಂಬ ಅವಳ ದುಂಡನೆಯ ಅಕ್ಷರಗಳ ಪಕ್ಕ ಆ ಹೆಬ್ಬೆರಳ ಗುರುತು ಇನ್ನೂ ಇದೆ.